ಪಿಟ್ಸ್‌ಬರ್ಗ್‌ಗೆ ಹೋದರೆ ದರ್ಶನ ಮುಗಿಸಿ ಹಿಂತಿರುಗಬೇಡಿ: ಎರಡು ರಾತ್ರಿ ಉಳಿದು ಊರು ನೋಡುವ ಬಗೆ

ಅಮೆರಿಕದ ಪೂರ್ವ ಭಾಗದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಪಿಟ್ಸ್‌ಬರ್ಗ್ ಎಂದರೆ ವೆಂಕಟೇಶ್ವರ ದೇವಸ್ಥಾನ. ಊರಿಂದ ಅಪ್ಪ ಅಮ್ಮ ಬಂದರೆಂದರೆ ಒಂದು ಶನಿವಾರ ನಸುಕಿಗೇ ಕಾರು ಹತ್ತುವುದು, ದರ್ಶನ ಮಾಡಿ ಪುಳಿಯೋಗರೆ, ಮೊಸರನ್ನ ತಿಂದು ಅದೇ ದಾರಿಯಲ್ಲಿ ಹಿಂತಿರುಗುವುದು. ದೇವಸ್ಥಾನದಿಂದ 12 ಮೈಲಿ ಆಚೆಗೆ ಅಮೆರಿಕದ ತುಂಬ ಚೆಂದದ ಊರುಗಳಲ್ಲೊಂದು ಇದೆ ಎಂಬುದು ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ಜನಸಂಖ್ಯೆ ಮೂರು ಲಕ್ಷದ ಆಸುಪಾಸು. ನ್ಯೂಯಾರ್ಕಿನ ನೂಕುನುಗ್ಗಲು ಇಲ್ಲ, ಖರ್ಚೂ ಅಷ್ಟಿಲ್ಲ. ಎರಡು ರಾತ್ರಿ, ಮೂರು ಹಗಲು ಸಿಕ್ಕರೆ ಸಮಾಧಾನವಾಗಿ ನೋಡಬಹುದು.

ಹೊರಡುವ ಮುಂಚೆ ಒಂದು ವಿಷಯ ಮನಸ್ಸಿನಲ್ಲಿರಲಿ. ಈ ಊರಿನಲ್ಲಿ ದೂರವನ್ನು ಮೈಲಿಯಲ್ಲಿ ಅಳೆದರೆ ಮೋಸ ಹೋಗುತ್ತೀರಿ. ಅಲೆಗೆನಿ ಮತ್ತು ಮೊನಾಂಗಹೇಲ ನದಿಗಳು ಇಲ್ಲಿ ಕೂಡಿ ಒಹಾಯೊ ನದಿಯಾಗುತ್ತವೆ. ನದಿಯ ಅಂಚಿಗೇ ಗುಡ್ಡಗಳು ಕಡಿದಾಗಿ ಎದ್ದಿವೆ. ಊರಿನಲ್ಲಿ ಸಾರ್ವಜನಿಕ ಮೆಟ್ಟಿಲು ಸಾಲುಗಳೇ 700ಕ್ಕೂ ಹೆಚ್ಚಿವೆ. ಅವುಗಳಲ್ಲಿ ಎಷ್ಟೋ ಸಾಲುಗಳು ದಾಖಲೆಯಲ್ಲಿ ರಸ್ತೆಗಳೇ. ನಕಾಶೆಯಲ್ಲೂ ರಸ್ತೆಯ ಹೆಸರಿನಲ್ಲೇ ಕಾಣುತ್ತವೆ. ಫೋನು ‘ಎಂಟು ನಿಮಿಷದ ನಡಿಗೆ’ ಎಂದು ತೋರಿಸಿದ್ದು ಅಲ್ಲಿಗೆ ಹೋಗಿ ನೋಡಿದರೆ ನೂರಾರು ಮೆಟ್ಟಿಲಿನ ಏರು ಆಗಿರಬಹುದು. ಮೊಣಕಾಲು ನೋವಿನ ಹಿರಿಯರು ಜೊತೆಗಿದ್ದರೆ ನಡೆಯುವ ದಾರಿಯ ಏರಿಳಿತದ ಗೆರೆಯನ್ನು ಮೊದಲೇ ನೋಡಿಕೊಳ್ಳಿ. ಹೋಟೆಲನ್ನೂ ‘ಡೌನ್‌ಟೌನ್‌ಗೆ ಒಂದೇ ಮೈಲಿ’ ಎಂಬ ಮಾತು ನಂಬಿ ಹಿಡಿಯಬೇಡಿ. ಡೌನ್‌ಟೌನ್‌ನಲ್ಲೇ ಆಗಲಿ, ನದಿಯಾಚೆಯ ನಾರ್ತ್ ಶೋರ್‌ನಲ್ಲಾಗಲಿ ಕೋಣೆ ಹಿಡಿದರೆ ಸಮತಟ್ಟು ನೆಲ, ಕಾರೂ ಬೇಕಾಗುವುದಿಲ್ಲ.

ಯಾವಾಗ ಹೋಗಬೇಕು, ಯಾವ ವಾರ ಬೇಡ

ಮೇ ನಡುಭಾಗದಿಂದ ಅಕ್ಟೋಬರ್ ನಡುಭಾಗದವರೆಗೆ ಒಳ್ಳೆಯ ಕಾಲ. ಎಲೆ ಬಣ್ಣ ತಿರುಗುವುದನ್ನು ನೋಡಲೇಬೇಕೆಂದರೆ ಅಕ್ಟೋಬರ್ ಎರಡನೇ, ಮೂರನೇ ವಾರ. ನವೆಂಬರಿನಿಂದ ಮಾರ್ಚ್‌ವರೆಗೆ ಚಳಿಗಿಂತ ಮೋಡದ ಕಾಟ ಜಾಸ್ತಿ: ದಿನಗಟ್ಟಲೆ ಬಿಸಿಲು ಕಾಣುವುದಿಲ್ಲ, ಗುಡ್ಡದ ಮೇಲಿನ ನೋಟ ಮಂಕಾಗಿರುತ್ತದೆ.

ಕಾರ್ನೆಗಿ ಮೆಲನ್ ಮತ್ತು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ ಎರಡೂ ಇಲ್ಲೇ ಇರುವುದರಿಂದ ಮೇ ತಿಂಗಳ ಪದವಿ ಪ್ರದಾನದ ದಿನಗಳಲ್ಲಿ ಮತ್ತು ಆಗಸ್ಟ್ ಕೊನೆಯಲ್ಲಿ ಹೊಸ ವಿದ್ಯಾರ್ಥಿಗಳು ಬಂದಿಳಿಯುವಾಗ ಕೋಣೆ ಸಿಗುವುದು ಕಷ್ಟ. ಸೆಪ್ಟೆಂಬರಿನಿಂದ ಜನವರಿವರೆಗೆ ಸ್ಟೀಲರ್ಸ್ ತಂಡದ ಫುಟ್‌ಬಾಲ್ ಪಂದ್ಯ ಊರಲ್ಲೇ ಇರುವ ವಾರಾಂತ್ಯವನ್ನೂ ಬಿಡಿ. ಆ ದಿನ ನಾರ್ತ್ ಶೋರ್‌ನಲ್ಲಿ ಕಾರು ನಿಲ್ಲಿಸಲು ಜಾಗವಿರುವುದಿಲ್ಲ, ಹೋಟೆಲ್ ದರವೂ ವಿಪರೀತ ಏರಿರುತ್ತದೆ. ಕೋಣೆ ಕಾಯ್ದಿರಿಸುವ ಮುಂಚೆ ತಂಡದ ವೇಳಾಪಟ್ಟಿ ಒಮ್ಮೆ ನೋಡಿ.

ವಾರದ ನಡುವೆ ಹೋಗುವವರಿಗೆ ಇನ್ನೊಂದು ತೊಡಕು. ಮಂಗಳವಾರ ಕಾರ್ನೆಗಿ ಕಲಾ ಮತ್ತು ನಿಸರ್ಗ ಇತಿಹಾಸ ಮ್ಯೂಸಿಯಂಗಳು ಮುಚ್ಚಿರುತ್ತವೆ, ವಾರ್‌ಹೋಲ್ ಮ್ಯೂಸಿಯಂ ಕೂಡ. ಊರಾಚೆ ಜಲಪಾತದ ಮೇಲೆ ಕಟ್ಟಿರುವ ಫಾಲಿಂಗ್‌ವಾಟರ್ ಮನೆ ಬುಧವಾರ ಮುಚ್ಚಿರುತ್ತದೆ. ಹಾಗಾಗಿ ಮಂಗಳವಾರ ಫಾಲಿಂಗ್‌ವಾಟರ್, ಬುಧವಾರ ಮ್ಯೂಸಿಯಂ ಇಟ್ಟುಕೊಳ್ಳಿ. ಅದಲುಬದಲಾದರೆ ಎರಡು ದಿನವೂ ಬಾಗಿಲ ಮುಂದೆ ನಿಂತು ಬರಬೇಕಾಗುತ್ತದೆ.

ಬಂದು ಸೇರುವುದು

ಭಾರತದಿಂದ ಪಿಟ್ಸ್‌ಬರ್ಗ್‌ಗೆ ನೇರ ವಿಮಾನವಿಲ್ಲ. ಬೆಂಗಳೂರಿನಿಂದ ಲಂಡನ್, ಲಂಡನ್‌ನಿಂದ ಪಿಟ್ಸ್‌ಬರ್ಗ್ ಎಂದು ಬ್ರಿಟಿಷ್ ಏರ್‌ವೇಸ್‌ನಲ್ಲಿ ಒಂದೇ ಬದಲಾವಣೆಯಲ್ಲಿ ಬರಬಹುದು. ಎರಡನೇ ವಿಮಾನ ಇರುವ ದಿನಗಳು ಋತುವಿಗೆ ತಕ್ಕಂತೆ ಬದಲಾಗುತ್ತವೆ, ಮೊದಲು ಅದನ್ನು ನೋಡಿ ತಾರೀಖು ಗೊತ್ತುಮಾಡಿ. ಈ ದಾರಿಯ ದೊಡ್ಡ ಅನುಕೂಲ ಇಮಿಗ್ರೇಷನ್. ಅಮೆರಿಕದೊಳಗೆ ಮೊದಲು ಇಳಿಯುವ ನಿಲ್ದಾಣದಲ್ಲೇ ಇಮಿಗ್ರೇಷನ್ ನಡೆಯುತ್ತದೆ; ಷಿಕಾಗೊ, ನ್ಯೂಆರ್ಕ್‌ಗಳ ಸಾಲಿಗೆ ಹೋಲಿಸಿದರೆ ಪಿಟ್ಸ್‌ಬರ್ಗ್‌ನಲ್ಲಿ ಸಾಲು ಚಿಕ್ಕದು. ಬೇರೆ ದಾರಿಯಲ್ಲಿ ಬರುವವರು ಮೊದಲ ನಿಲ್ದಾಣದಲ್ಲಿ ಸೂಟ್‌ಕೇಸ್ ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ವಿಮಾನಕ್ಕೆ ಹಾಕಬೇಕು. ಎರಡು ವಿಮಾನಗಳ ನಡುವೆ ಮೂರು ಗಂಟೆ ಇಟ್ಟುಕೊಳ್ಳಿ.

ವೀಸಾ ಹತ್ತು ವರ್ಷದ್ದಾದರೂ ಎಷ್ಟು ದಿನ ಇರಬಹುದು ಎಂಬುದನ್ನು ಇಮಿಗ್ರೇಷನ್ ಅಧಿಕಾರಿ ನಿರ್ಧರಿಸುತ್ತಾರೆ. ಆ ತಾರೀಖು ಐ-94 ಎಂಬ ದಾಖಲೆಯಲ್ಲಿ ಇರುತ್ತದೆ. ಬಂದ ವಾರದಲ್ಲೇ ಜಾಲತಾಣದಲ್ಲಿ ತೆಗೆದು ನೋಡಿಡಿ.

ಸಾಮಾನು ಕಟ್ಟುವಾಗ ಒಂದು ಮಾತು. ಹಸಿ ಕರಿಬೇವು ತರಬೇಡಿ. ನಿಂಬೆ, ಕಿತ್ತಳೆ ತೋಟಗಳನ್ನು ಹಾಳುಮಾಡುವ ರೋಗವನ್ನು ಹರಡುವ ಕೀಟ ಕರಿಬೇವಿನ ಮೇಲೂ ಬದುಕುತ್ತದೆ, ಅದಕ್ಕೇ ಅಮೆರಿಕದಲ್ಲಿ ಹಸಿ ಕರಿಬೇವಿಗೆ ನಿಷೇಧ. ಹಣ್ಣು, ತರಕಾರಿ, ಬಿತ್ತನೆ ಬೀಜಗಳೂ ಬೇಡ. ಹುರಿದ ಸಾಂಬಾರ್ ಪುಡಿ, ಚಟ್ನಿಪುಡಿ, ಅಂಗಡಿಯ ಸೀಲ್ ಇರುವ ಉಪ್ಪಿನಕಾಯಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ತಿನ್ನುವ ಪದಾರ್ಥ ಏನೇ ಇರಲಿ, ‘ಇದೆ’ ಎಂದೇ ಹೇಳಿ. ಹೇಳಿದ ಮೇಲೆ ತೆಗೆದುಕೊಂಡರೆ ಆ ಪದಾರ್ಥ ಮಾತ್ರ ಹೋಗುತ್ತದೆ, ಮುಚ್ಚಿಟ್ಟು ಸಿಕ್ಕಿದರೆ ದಂಡ ಬೀಳುತ್ತದೆ.

ವಿಮಾನ ನಿಲ್ದಾಣ ಊರಿನಿಂದ ಪಶ್ಚಿಮಕ್ಕೆ 18 ಮೈಲಿಗೂ ಹೆಚ್ಚು ದೂರ. 28 ಎಕ್ಸ್ ಬಸ್ ಡೌನ್‌ಟೌನ್‌ಗೂ ಅಲ್ಲಿಂದ ವಿಶ್ವವಿದ್ಯಾಲಯಗಳಿರುವ ಓಕ್‌ಲೆಂಡ್‌ಗೂ ಹೋಗುತ್ತದೆ, ದರ 2.75 ಡಾಲರ್. ನಗದು ಕೊಟ್ಟರೆ ಚಾಲಕರು ಚಿಲ್ಲರೆ ಕೊಡುವುದಿಲ್ಲ, ಬಸ್ ಬದಲಾಯಿಸಿದರೆ ಮತ್ತೆ ಪೂರ್ತಿ ಹಣ ಕೊಡಬೇಕು. ಕನೆಕ್ಟ್‌ಕಾರ್ಡ್ ಎಂಬ ಸಾರಿಗೆ ಕಾರ್ಡ್ ಅಥವಾ ಫೋನಿನ ಆ್ಯಪ್‌ನಿಂದ ಕೊಟ್ಟರೆ ಅದೇ 2.75ಕ್ಕೆ ಮೂರು ಗಂಟೆ ಎಷ್ಟು ಬಸ್ ಬೇಕಾದರೂ ಬದಲಾಯಿಸಬಹುದು. ದೊಡ್ಡ ಸೂಟ್‌ಕೇಸ್ ಎರಡಕ್ಕಿಂತ ಹೆಚ್ಚಿದ್ದರೆ ಬಸ್ಸಿನ ಆಸೆ ಬಿಟ್ಟು ಟ್ಯಾಕ್ಸಿ ಹಿಡಿಯಿರಿ.

ನಿಲ್ದಾಣದಿಂದ ಕಾರಿನಲ್ಲೋ ಟ್ಯಾಕ್ಸಿಯಲ್ಲೋ ಬರುವವರಿಗೆ ಫೋರ್ಟ್ ಪಿಟ್ ಸುರಂಗ ಸಿಗುತ್ತದೆ. ಅಲ್ಲಿಯವರೆಗೆ ಬರೀ ಗುಡ್ಡ, ಮರ. ಸುರಂಗದ ಬಾಯಿಂದ ಹೊರಬಿದ್ದ ಕ್ಷಣಕ್ಕೆ ಕಾರು ಸೇತುವೆಯ ಮೇಲಿರುತ್ತದೆ, ಇಡೀ ಊರು, ನದಿಗಳು, ಹಳದಿ ಸೇತುವೆಗಳು ಒಟ್ಟಿಗೇ ಎದುರಾಗುತ್ತವೆ. ಕೂತವರು ನೋಡಲಿ, ಓಡಿಸುವವರು ನೋಡುವ ಹಾಗಿಲ್ಲ: ಸೇತುವೆಯ ಮೇಲೆ ದಾರಿ ಕವಲೊಡೆಯುವುದಕ್ಕೆ ಉಳಿಯುವುದು ಕೆಲವೇ ಸೆಕೆಂಡು. ಯಾವ ಲೇನ್ ಬೇಕೆಂಬುದನ್ನು ಸುರಂಗಕ್ಕೆ ನುಗ್ಗುವ ಮುಂಚೆಯೇ ಫಲಕ ನೋಡಿ ತೀರ್ಮಾನಿಸಿ. ಸುರಂಗದೊಳಗೆ ಜಿಪಿಎಸ್ ಕೈಕೊಡುತ್ತದೆ.

ಮೊದಲ ದಿನ: ನದಿಗಳು ಕೂಡುವ ಜಾಗ, ಸಂಜೆಗೆ ಗುಡ್ಡ

ಬೆಳಗ್ಗೆ ಪಾಯಿಂಟ್ ಸ್ಟೇಟ್ ಪಾರ್ಕ್‌ನಿಂದ ಶುರುಮಾಡಿ. ನದಿಗಳು ಕೂಡುವ ತುದಿಯಲ್ಲಿ 150 ಅಡಿ ಎತ್ತರಕ್ಕೆ ಚಿಮ್ಮುವ ಕಾರಂಜಿ ಇದೆ, ಚಳಿಗಾಲದಲ್ಲಿ ನಿಲ್ಲಿಸಿರುತ್ತಾರೆ. ಪಕ್ಕದಲ್ಲೇ 1764ರ ಪುಟ್ಟ ಇಟ್ಟಿಗೆ ಕಟ್ಟಡ, ಫೋರ್ಟ್ ಪಿಟ್ ಬ್ಲಾಕ್ ಹೌಸ್. ಊರಿನ ಅತ್ಯಂತ ಹಳೆಯ ಕಟ್ಟಡ ಅದೇ, ಪ್ರವೇಶ ಉಚಿತ.

ಅಲ್ಲಿಂದ ಅಲೆಗೆನಿ ನದಿಯ ದಂಡೆ ಹಿಡಿದು ಹೋದರೆ ಒಂದೇ ಅಚ್ಚಿನ ಮೂರು ಹಳದಿ ಸೇತುವೆಗಳು ಸಾಲಾಗಿ ಸಿಗುತ್ತವೆ. 1920ರ ದಶಕದಲ್ಲಿ ಕಟ್ಟಿದವು. ಅವುಗಳಿಗೆ ಒಬ್ಬ ಬೇಸ್‌ಬಾಲ್ ಆಟಗಾರ, ಒಬ್ಬ ಚಿತ್ರಕಾರ, ಒಬ್ಬ ಪರಿಸರ ಲೇಖಕಿಯ ಹೆಸರಿಟ್ಟಿದ್ದಾರೆ: ರೋಬರ್ಟೊ ಕ್ಲೆಮೆಂಟೆ, ಆ್ಯಂಡಿ ವಾರ್‌ಹೋಲ್, ರೇಚಲ್ ಕಾರ್ಸನ್. ಕ್ಲೆಮೆಂಟೆ ಸೇತುವೆ ದಾಟಿದರೆ ಎದುರಿಗೇ ಪಿಎನ್‌ಸಿ ಪಾರ್ಕ್ ಬೇಸ್‌ಬಾಲ್ ಮೈದಾನ. ಏಪ್ರಿಲಿನಿಂದ ಸೆಪ್ಟೆಂಬರ್‌ವರೆಗೆ ಆಟವಿರುತ್ತದೆ. ಬೇಸ್‌ಬಾಲ್ ಗೊತ್ತಿಲ್ಲದಿದ್ದರೂ ಒಂದು ಸಂಜೆ ಕೂತು ಬರಬಹುದು, ಏಕೆಂದರೆ ಮೈದಾನದಾಚೆಗೆ ನದಿಯೂ ಊರೂ ಪೂರ್ತಿ ಕಾಣುತ್ತವೆ. ಊಟದ ಖರ್ಚಿಗಿಂತ ಟಿಕೆಟ್ ಅಗ್ಗವಾಗಿರುವ ದಿನಗಳೂ ಇವೆ. ಮೂರನೇ ಬೇಸ್ ಕಡೆಯ ಸೀಟು ತೆಗೆದುಕೊಳ್ಳಿ, ಆ ನೋಟ ಸಿಗುವುದು ಅಲ್ಲಿಂದಲೇ. ಬ್ಯಾಗಿನ ಅಳತೆಯ ನಿಯಮ ಬಿಗಿಯಾಗಿದೆ, ಬರಿಗೈಯಲ್ಲಿ ಹೋಗುವುದು ಲೇಸು.

ನಡೆದು ದಣಿದರೆ ‘ಟಿ’ ಎಂಬ ರೈಲಿದೆ. ಡೌನ್‌ಟೌನ್‌ನ ನಾಲ್ಕು ನಿಲ್ದಾಣ ಮತ್ತು ನದಿಯ ಅಡಿಯ ಸುರಂಗದಿಂದಾಚೆ ನಾರ್ತ್ ಸೈಡ್, ಅಲೆಗೆನಿ ನಿಲ್ದಾಣಗಳ ನಡುವೆ ಪ್ರಯಾಣ ಉಚಿತ. ಈ ವಲಯದಾಚೆಯ ಮೊದಲ ನಿಲ್ದಾಣವೇ ಸ್ಟೇಷನ್ ಸ್ಕ್ವೇರ್, ಅಲ್ಲಿಗೆ ಟಿಕೆಟ್ ಬೇಕು. ಹಲವರು ಎಡವುವುದು ಇಲ್ಲೇ.

ಸ್ಟೇಷನ್ ಸ್ಕ್ವೇರ್‌ನ ಎದುರಿಗೆ ಮೊನಾಂಗಹೇಲ ಇನ್‌ಕ್ಲೈನ್. 1870ರಿಂದ ಗುಡ್ಡದ ಮೈಮೇಲೆ ಹಳಿಯ ಮೇಲೆ ಹತ್ತಿಳಿಯುತ್ತಿರುವ ಬಂಡಿ. ಎರಡು ಬಂಡಿಗಳು ಹಗ್ಗದಿಂದ ಒಂದಕ್ಕೊಂದು ತೂಗುವ ಏರ್ಪಾಟು. ಒಂದು ಇಳಿದರೆ ಅದರ ಭಾರವೇ ಇನ್ನೊಂದನ್ನು ಹತ್ತಿಸಲು ನೆರವಾಗುತ್ತದೆ. ಕನೆಕ್ಟ್‌ಕಾರ್ಡಿನ ಮೂರು ಗಂಟೆಯ ಅವಧಿ ಇದಕ್ಕೂ ಅನ್ವಯ. ಮೇಲೆ ಇಳಿದರೆ ಗ್ರ್ಯಾಂಡ್‌ವ್ಯೂ ಅವೆನ್ಯೂ. ಗುಡ್ಡದ ಅಂಚಿನಲ್ಲಿ ಸಾಗುವ ಈ ರಸ್ತೆಯಲ್ಲಿ ಪಶ್ಚಿಮಕ್ಕೆ ಒಂದು ಮೈಲಿಯಷ್ಟು ನಡೆದರೆ ಎರಡನೆಯದು, 1877ರ ಡ್ಯೂಕೇನ್ ಇನ್‌ಕ್ಲೈನ್. ದಾರಿ ಬಹುಪಾಲು ಸಮ. ನದಿಯ ಮೇಲೆ ಚಾಚಿಕೊಂಡಿರುವ ಕಟ್ಟೆಗಳಲ್ಲಿ ನಿಂತು ನೋಡಬಹುದು.

ಡ್ಯೂಕೇನ್ ಇನ್‌ಕ್ಲೈನನ್ನು ಬಿಡಬೇಡಿ. 1962ರಲ್ಲಿ ಮುಚ್ಚಿಹೋಗಿದ್ದನ್ನು ಗುಡ್ಡದ ಮೇಲಿನ ನಿವಾಸಿಗಳೇ ಹಣ ಕೂಡಿಸಿ ಮರುವರ್ಷ ಮತ್ತೆ ಓಡಿಸಿದರು. ಬಂಡಿಯ ಒಳಗೋಡೆಗೆ ಇಂದಿಗೂ ಕೆತ್ತನೆಯ ಚೆರ್ರಿ ಮರದ ಹಲಗೆ, ಮೇಲೆ ಹಳೆಯ ಕಾಲದ ದೀಪ. ಮೇಲಿನ ನಿಲ್ದಾಣದಲ್ಲಿ ಹಳೆಯ ಫೋಟೊಗಳ ಪುಟ್ಟ ಸಂಗ್ರಹವಿದೆ. ಸ್ವಲ್ಪ ಚಿಲ್ಲರೆ ಹಾಕಿ ಯಂತ್ರದ ಕೋಣೆಗೂ ಇಣುಕಬಹುದು: ಹಗ್ಗ ಸುತ್ತುವ ದೊಡ್ಡ ಚಕ್ರದ ಹಲ್ಲುಗಳು ಮರದವು, ಕೆಲಸ ಈಗಲೂ ಅವುಗಳದ್ದೇ. ಇಲ್ಲಿ ಕ್ರೆಡಿಟ್ ಕಾರ್ಡನ್ನು ನೆಚ್ಚಿಕೊಳ್ಳದೆ ಒಂದು ಡಾಲರಿನ ನೋಟುಗಳನ್ನೂ ನಾಣ್ಯಗಳನ್ನೂ ಇಟ್ಟುಕೊಂಡಿರಿ.

ಸೂರ್ಯ ಮುಳುಗುವುದಕ್ಕೆ ಮುಕ್ಕಾಲು ಗಂಟೆ ಮುಂಚೆ ಮೇಲಿರಬೇಕು. ಜೂನ್‌ನಲ್ಲಿ ಸೂರ್ಯಾಸ್ತ ರಾತ್ರಿ 8.50ರ ಹೊತ್ತಿಗೆ, ಅಕ್ಟೋಬರ್ ನಡುವೆ 6.40ರ ಹೊತ್ತಿಗೆ, ಡಿಸೆಂಬರಿನಲ್ಲಿ 5 ಗಂಟೆಗೂ ಮುಂಚೆ. ಎಡಕ್ಕೆ ಒಹಾಯೊ ನದಿಯ ಕಡೆ ಸೂರ್ಯ ಇಳಿಯುತ್ತಾನೆ, ಬಲಕ್ಕೆ ಕಟ್ಟಡಗಳ ಗಾಜು ಕೆಂಪೇರುತ್ತದೆ. ಆಮೇಲೆ ಅರ್ಧ ಗಂಟೆ ಅಲ್ಲೇ ಇರಿ, ದೀಪ ಹತ್ತಿದ ಮೇಲಿನ ನೋಟವೇ ಇನ್ನೂ ಚೆಂದ. ಗುಡ್ಡದ ಮೇಲೆ ಬೇಸಿಗೆಯಲ್ಲೂ ಗಾಳಿ ಜೋರು, ಹಿರಿಯರಿಗೆ ಸ್ವೆಟರ್ ಇರಲಿ. ಹತ್ತಿದ ಬಂಡಿಯಲ್ಲೇ ಇಳಿಯುವುದಾದರೆ ಒಂದು ಮೈಲಿ ಹಿಂದಕ್ಕೆ ನಡೆಯಬೇಕು. ಡ್ಯೂಕೇನ್‌ನಲ್ಲಿ ಇಳಿದರೆ ಕೆಳಗೆ ಸಿಗುವುದು ಕಾರುಗಳು ರಭಸವಾಗಿ ಓಡುವ ರಸ್ತೆ, ಕತ್ತಲಲ್ಲಿ ನಡೆಯಲು ಹಿತವಲ್ಲ. ಅಲ್ಲಿಗೇ ಟ್ಯಾಕ್ಸಿ ಕರೆಸಿಕೊಳ್ಳಿ.

ಎರಡನೇ ದಿನ: ಓಕ್‌ಲೆಂಡ್

ಡೌನ್‌ಟೌನ್‌ನಿಂದ 61 ಅಥವಾ 71ರಿಂದ ಶುರುವಾಗುವ ಬಹುತೇಕ ಬಸ್ಸುಗಳು ಓಕ್‌ಲೆಂಡ್ ಮೂಲಕ ಹೋಗುತ್ತವೆ. ಈ ದಾರಿಯುದ್ದಕ್ಕೂ ಹೊಸ ಬಸ್ ಪಥದ ಕಾಮಗಾರಿ ನಡೆದಿರುವುದರಿಂದ ನಿಲ್ದಾಣಗಳು ಆಚೀಚೆ ಸರಿದಿರಬಹುದು. ಕಂಬದ ಮೇಲಿನ ಸೂಚನೆ ಓದಿಕೊಂಡೇ ನಿಲ್ಲಿ.

ಕಾರ್ನೆಗಿಯ ಕಲಾ ಮ್ಯೂಸಿಯಂ ಮತ್ತು ನಿಸರ್ಗ ಇತಿಹಾಸ ಮ್ಯೂಸಿಯಂ ಒಂದೇ ಕಟ್ಟಡದಲ್ಲಿವೆ, ಒಂದೇ ಟಿಕೆಟ್ಟಿಗೆ ಅದೇ ದಿನ ಎರಡನ್ನೂ ನೋಡಬಹುದು. ಮಕ್ಕಳಿದ್ದರೆ ಡೈನೋಸಾರ್‌ಗಳಿಗೇ ಎರಡು ಗಂಟೆ ಬೇಕು. ಇಲ್ಲಿರುವುದು ಅಚ್ಚುಗಳ ಸಾಲಲ್ಲ. 1899ರಲ್ಲಿ ವಯೋಮಿಂಗ್‌ನಲ್ಲಿ ಸಿಕ್ಕಿದ ‘ಡಿಪ್ಪಿ’ ಎಂಬ ಡಿಪ್ಲೊಡೋಕಸ್‌ನ ನಿಜ ಎಲುಬುಗಳು ಇಲ್ಲಿವೆ. ಟಿರಾನೊಸಾರಸ್ ರೆಕ್ಸ್ ಎಂಬ ಪ್ರಭೇದಕ್ಕೆ ವಿಜ್ಞಾನಿಗಳು ಹೆಸರಿಡಲು ಆಧಾರವಾದ ಮೂಲ ಅಸ್ಥಿಪಂಜರವೂ ಇದೇ ಸಭಾಂಗಣದಲ್ಲಿದೆ.

ರಸ್ತೆಯಾಚೆಗೆ 42 ಮಹಡಿಯ ಕ್ಯಾಥೆಡ್ರಲ್ ಆಫ್ ಲರ್ನಿಂಗ್. ಹೆಸರು ಹಾಗಿದ್ದರೂ ಅದು ಚರ್ಚಲ್ಲ, ವಿಶ್ವವಿದ್ಯಾಲಯದ ಕಟ್ಟಡ. ಒಳಗೆ ಒಂದೊಂದು ನಾಡಿನ ಶೈಲಿಯಲ್ಲಿ ಕಟ್ಟಿದ 31 ತರಗತಿ ಕೋಣೆಗಳಿವೆ. 2000ದಲ್ಲಿ ತೆರೆದ ಭಾರತದ ಕೋಣೆಗೆ ನಳಂದಾ ವಿಶ್ವವಿದ್ಯಾಲಯವೇ ಮಾದರಿ: ಗುಲಾಬಿ ಬಣ್ಣದ ಇಟ್ಟಿಗೆಯ ಗೋಡೆ, ಇಟ್ಟಿಗೆಯದೇ ಕಂಬಗಳು. ಇವು ತೋರಿಕೆಯ ಕೋಣೆಗಳಲ್ಲ, ವಾರದ ದಿನಗಳಲ್ಲಿ ಪಾಠ ನಡೆಯುತ್ತಿದ್ದರೆ ಒಳಗೆ ಬಿಡುವುದಿಲ್ಲ. ಶನಿವಾರ, ಭಾನುವಾರ ಅಥವಾ ಕಾಲೇಜಿನ ರಜೆಯಲ್ಲಿ ಹೋದರೆ ಹೆಚ್ಚು ಕೋಣೆ ತೆರೆದಿರುತ್ತವೆ. ನೆಲಮಹಡಿಯ ಕಲ್ಲುಕಮಾನಿನ ವಿಶಾಲ ಸಭಾಂಗಣಕ್ಕೆ ಮಾತ್ರ ಯಾವ ದಿನ ಹೋದರೂ ಆಯಿತು. ವಿದ್ಯಾರ್ಥಿಗಳು ಓದುತ್ತಿರುತ್ತಾರೆ, ದನಿ ತಗ್ಗಿಸಿ. ಹೊತ್ತು ಉಳಿದರೆ 1893ರ ಫಿಪ್ಸ್ ಗಾಜಿನಮನೆ ಹತ್ತು ನಿಮಿಷದ ನಡಿಗೆ.

ಊಟ, ಬಿಲ್ಲು, ತೆರಿಗೆ

ಶನಿವಾರ ಬೆಳಗ್ಗೆ ಸ್ಟ್ರಿಪ್ ಡಿಸ್ಟ್ರಿಕ್ಟ್‌ನ ಪೆನ್ ಅವೆನ್ಯೂಗೆ ಹೋಗಿ: ಚೀಸು, ಮೀನು, ಕಾಫಿ, ಹೂವು, ಬೀದಿ ಬದಿಯ ಅಂಗಡಿ ಎಲ್ಲ ಒಂದೇ ರಸ್ತೆಯಲ್ಲಿ. ಒಂಬತ್ತರೊಳಗೆ ಹೋದರೆ ನಡೆಯಲು ಜಾಗವಿರುತ್ತದೆ. ಮಧ್ಯಾಹ್ನದ ನಂತರ ಒಂದೊಂದೇ ಅಂಗಡಿ ಮುಚ್ಚುತ್ತವೆ.

ಇಲ್ಲಿಯ ಉಕ್ಕಿನ ಕಾರ್ಖಾನೆಗಳಿಗೆ ಪೂರ್ವ ಯುರೋಪಿನಿಂದ ಬಂದ ಕಾರ್ಮಿಕರು ತಂದ ತಿಂಡಿ ಪಿಯೆರೋಗಿ. ಆಲೂಗಡ್ಡೆ, ಚೀಸ್ ತುಂಬಿ ಅರ್ಧಚಂದ್ರಾಕಾರಕ್ಕೆ ಮಡಚಿದ, ನಮ್ಮ ಕಡುಬಿನಂಥದ್ದು. ಸಸ್ಯಾಹಾರಿಗಳು ಎರಡು ಪ್ರಶ್ನೆ ಕೇಳಬೇಕು: ಮೇಲೆ ಹಂದಿಮಾಂಸದ ಚೂರು ಉದುರಿಸುತ್ತೀರಾ? ಹಿಟ್ಟಿಗೆ ಮೊಟ್ಟೆ ಹಾಕಿದೆಯಾ? ಅಮೆರಿಕದಲ್ಲಿ ‘ವೆಜಿಟೇರಿಯನ್’ ಎಂದರೆ ಮೊಟ್ಟೆ ಸೇರಿರುತ್ತದೆ, ಮೊಟ್ಟೆ ಬೇಡವಾದರೆ ಪ್ರತ್ಯೇಕವಾಗಿ ಹೇಳಿ. ತರಕಾರಿ ಸೂಪಿಗೂ ಕೋಳಿ ಬೇಯಿಸಿದ ನೀರು ಬಳಸಿರಬಹುದು. ಊರಿನ ಹೆಸರಾಂತ ಪ್ರಿಮ್ಯಾಂಟಿ ಸ್ಯಾಂಡ್‌ವಿಚ್‌ನಲ್ಲಿ ಹುರಿದ ಆಲೂಗಡ್ಡೆಯೂ ಕೋಸಿನ ಸಲಾಡೂ ಬ್ರೆಡ್ಡಿನ ಒಳಗೇ ಇರುತ್ತವೆ. ಮಾಂಸ ಬಿಟ್ಟು ಕೊಡಿ ಎಂದರೆ ಕೊಡುತ್ತಾರೆ. ನಲ್ಲಿ ನೀರು ಕುಡಿಯಬಹುದು, ಬಾಟಲಿಗೆ ಹಣ ಸುರಿಯಬೇಡಿ.

ಮೆನುವಿನ ಬೆಲೆಗೆ 7 ಪ್ರತಿಶತ ತೆರಿಗೆ ಸೇರುತ್ತದೆ, ಕೂತು ತಿಂದರೆ 18ರಿಂದ 20 ಪ್ರತಿಶತ ಟಿಪ್ ವಾಡಿಕೆ. 40 ಡಾಲರಿನ ಊಟಕ್ಕೆ 2.80 ತೆರಿಗೆ, 8 ಟಿಪ್, ಒಟ್ಟು 50.80. ಹೋಟೆಲ್ ಕೋಣೆಗೆ ತೆರಿಗೆಯೇ 14 ಪ್ರತಿಶತ, ಜಾಲತಾಣದಲ್ಲಿ ಮೊದಲು ಕಾಣುವ ದರದಲ್ಲಿ ಅದು ಇರುವುದಿಲ್ಲ. ಬಟ್ಟೆಗೆ ಮಾತ್ರ ಪೆನ್ಸಿಲ್ವೇನಿಯಾದಲ್ಲಿ ತೆರಿಗೆ ಇಲ್ಲ. ಊರಿಗೆ ಒಯ್ಯುವ ಬಟ್ಟೆಬರೆ ಇಲ್ಲೇ ಕೊಳ್ಳಿ.

ದೇವಸ್ಥಾನಕ್ಕೆ ಮತ್ತು ಆಚೆಗೆ: ಇಲ್ಲಿಂದ ಕಾರು ಬೇಕು

ವೆಂಕಟೇಶ್ವರ ದೇವಸ್ಥಾನ ಪೂರ್ವದ ಪೆನ್ ಹಿಲ್ಸ್‌ನಲ್ಲಿದೆ. 1970ರ ದಶಕದಲ್ಲಿ, ತಿರುಪತಿಯ ಮಾದರಿಯಲ್ಲಿ ಕಟ್ಟಿದ್ದು. ಟ್ಯಾಕ್ಸಿಯಲ್ಲಿ ಹೋಗುವುದು ಸುಲಭ, ಹಿಂತಿರುಗಲು ಸಿಗುವುದು ಕಷ್ಟ. ಕಾರನ್ನು ಈ ದಿನದಿಂದಷ್ಟೇ ಬಾಡಿಗೆಗೆ ಹಿಡಿದರೆ ಡೌನ್‌ಟೌನ್‌ನ ಪಾರ್ಕಿಂಗ್ ಖರ್ಚು ಉಳಿಯುತ್ತದೆ. ದಾರಿಯಲ್ಲಿ ಸ್ಕ್ವಿರಲ್ ಹಿಲ್ ಸುರಂಗ. ಸುರಂಗ ಕಂಡೊಡನೆ ಎಲ್ಲರೂ ವೇಗ ತಗ್ಗಿಸುವುದರಿಂದ ಹಿಂದೆ ಕಾರುಗಳ ಸಾಲು ಬೆಳೆಯುತ್ತದೆ, ಕೆಲಸದ ದಿನ ಸಂಜೆ 4ರಿಂದ 6ರವರೆಗೆ ಆ ಕಡೆ ಹೋಗಬೇಡಿ. ವಾರಾಂತ್ಯದಲ್ಲಿ 10 ಗಂಟೆಯೊಳಗೆ ತಲುಪಿದರೆ ಗುಡಿಯ ಹತ್ತಿರವೇ ಕಾರು ನಿಲ್ಲಿಸಬಹುದು, ತಡವಾದರೆ ಏರು ಹತ್ತಬೇಕು. ಕ್ಯಾಂಟೀನಿನ ವೇಳೆ ವಾರದ ದಿನಕ್ಕೂ ವಾರಾಂತ್ಯಕ್ಕೂ ಬೇರೆ, ದೇವಸ್ಥಾನದ ಜಾಲತಾಣದಲ್ಲಿ ನೋಡಿಕೊಂಡೇ ಹೊರಡಿ. ಚಳಿಗಾಲದಲ್ಲಿ ದಪ್ಪ ಕಾಲುಚೀಲ ಹಾಕಿಕೊಳ್ಳಿ. ಹತ್ತಿರದ ಮನ್ರೋವಿಲ್‌ನಲ್ಲಿ ಹಿಂದೂ ಜೈನ ದೇವಸ್ಥಾನವೂ ಭಾರತೀಯ ದಿನಸಿ ಅಂಗಡಿಗಳೂ ಇವೆ.

ಭಾರತದ ಲೈಸೆನ್ಸ್ ಮೇಲೆ ಓಡಿಸುವವರು ಅಂತರರಾಷ್ಟ್ರೀಯ ಪರ್ಮಿಟ್ಟನ್ನೂ ಮಾಡಿಸಿ ತನ್ನಿ, ಬಾಡಿಗೆ ಕಂಪನಿಗಳು ಕೇಳಬಹುದು. ಇಲ್ಲಿ ಒಂದು ಸ್ಥಳೀಯ ರೂಢಿ ಇದೆ: ಹಸಿರು ದೀಪ ಬಂದ ಕೂಡಲೇ ಎದುರಿನಿಂದ ಎಡಕ್ಕೆ ತಿರುಗುವ ಮೊದಲ ಕಾರು ನೇರ ಹೋಗುವವರಿಗಿಂತ ಮುಂಚೆ ನುಗ್ಗುತ್ತದೆ. ಕಾನೂನು ಅದಲ್ಲ, ಆದರೂ ಹಸಿರು ಬಂದೊಡನೆ ಹಾರಬೇಡಿ, ನೀವಾಗಿ ಹಾಗೆ ತಿರುಗಲೂ ಬೇಡಿ. ಶಾಲಾ ಬಸ್ಸಿನ ಕೆಂಪು ದೀಪ ಮಿನುಗುತ್ತಿದ್ದರೆ ಎದುರಿನಿಂದ ಬರುವವರೂ ನಿಲ್ಲಬೇಕು. ಹಿಮ ಬಿದ್ದ ದಿನ ರಸ್ತೆ ಬದಿಯ ಖಾಲಿ ಜಾಗದಲ್ಲಿ ಹಳೆಯ ಕುರ್ಚಿ ಇಟ್ಟಿದ್ದರೆ, ಹಿಮ ಬಗೆದವರು ತಮಗಾಗಿ ಇಟ್ಟುಕೊಂಡ ಜಾಗ ಅದು; ಮುಟ್ಟಬೇಡಿ. ಟರ್ನ್‌ಪೈಕ್ ಹೆದ್ದಾರಿಯಲ್ಲಿ ಟೋಲಿಗೆ ನಗದು ತೆಗೆದುಕೊಳ್ಳುವುದಿಲ್ಲ, ನಂಬರ್ ಪ್ಲೇಟ್ ನೋಡಿ ಬಿಲ್ ಕಳಿಸುತ್ತಾರೆ. ಬಾಡಿಗೆ ಕಂಪನಿ ಅದರ ಮೇಲೆ ತನ್ನ ಶುಲ್ಕವನ್ನೂ ಹಾಕುತ್ತದೆ, ಎಷ್ಟೆಂದು ಕಾರು ಪಡೆಯುವಾಗಲೇ ಕೇಳಿ.

ಮೂರನೇ ದಿನಕ್ಕೆ ಫಾಲಿಂಗ್‌ವಾಟರ್. ಆಗ್ನೇಯಕ್ಕೆ ಒಂದೂವರೆ ಗಂಟೆ ದಾರಿ. ವಾಸ್ತುಶಿಲ್ಪಿ ಫ್ರ್ಯಾಂಕ್ ಲಾಯ್ಡ್ ರೈಟ್ 1935ರಲ್ಲಿ ವಿನ್ಯಾಸ ಮಾಡಿ, ಬೇರ್ ರನ್ ಎಂಬ ತೊರೆಯ ಜಲಪಾತದ ನೆತ್ತಿಯ ಮೇಲೇ ಕಟ್ಟಿಸಿದ ಮನೆ. 2019ರಿಂದ ವಿಶ್ವ ಪರಂಪರೆ ತಾಣ. ಮನೆಯೊಳಗೆ ನೀರಿನ ಸದ್ದು ಕೇಳುತ್ತಲೇ ಇರುತ್ತದೆ, ಜಲಪಾತ ಮಾತ್ರ ಕಾಣುವುದಿಲ್ಲ. ಚಿತ್ರಗಳಲ್ಲಿ ನೋಡಿರುವ ನೋಟಕ್ಕೆ ಮನೆ ನೋಡಿದ ಮೇಲೆ ಕೆಳಗಿನ ಕಾಲುದಾರಿಯಲ್ಲಿ ಹೋಗಬೇಕು, ಅದನ್ನು ಬಿಟ್ಟು ಕಾರಿಗೆ ಮರಳಬೇಡಿ. ಟಿಕೆಟ್ ಸಮಯಕ್ಕೆ ಕಟ್ಟಿದ್ದು; ವಾರಾಂತ್ಯಕ್ಕೆ, ಅದರಲ್ಲೂ ಅಕ್ಟೋಬರಿಗೆ, ವಾರಗಳ ಮುಂಚೆ ತೆಗೆದಿಡಿ. ಆರು ವರ್ಷದೊಳಗಿನ ಮಕ್ಕಳನ್ನು ಮಾಮೂಲಿ ಪ್ರವಾಸಕ್ಕೆ ಬಿಡುವುದಿಲ್ಲ, ದೊಡ್ಡವರೇ ಸರದಿಯ ಮೇಲೆ ನೋಡಿಬರಬೇಕು. ಜನವರಿ, ಫೆಬ್ರುವರಿಯಲ್ಲಿ ಮನೆ ಮುಚ್ಚಿರುತ್ತದೆ. ಕಾಡಿನ ದಾರಿಯಲ್ಲಿ ಫೋನಿನ ಸಿಗ್ನಲ್ ಹೋಗುತ್ತದೆ, ನಕಾಶೆಯನ್ನೂ ಟಿಕೆಟ್ಟನ್ನೂ ಹೋಟೆಲಿನಲ್ಲೇ ಫೋನಿಗೆ ಇಳಿಸಿಕೊಳ್ಳಿ. ಪಕ್ಕದ ಒಹಾಯೊಪೈಲ್ ಉದ್ಯಾನಕ್ಕೆ ಪ್ರವೇಶ ಉಚಿತ, ಅಲ್ಲಿಯ ಜಲಪಾತ ಪಾರ್ಕಿಂಗ್‌ನ ಹತ್ತಿರದಲ್ಲೇ ಇದೆ, ಹಿರಿಯರೂ ನೋಡಬಹುದು.

ಇದನ್ನು ಕೊನೆಯ ದಿನಕ್ಕೇ ಇಡಲು ಕಾರಣವಿದೆ. ವಾಷಿಂಗ್ಟನ್ ಕಡೆಯವರು ಒಹಾಯೊಪೈಲ್‌ನಿಂದ ದಕ್ಷಿಣಕ್ಕೆ ಹೋಗಿ ಹಳೆಯ 40ನೇ ಹೆದ್ದಾರಿ ಹಿಡಿದು ಮೇರಿಲೆಂಡ್‌ನ ಐ-68 ಹೆದ್ದಾರಿ ಸೇರಬಹುದು. ನ್ಯೂಜೆರ್ಸಿ ಕಡೆಯವರು ಡೋನಿಗಾಲ್‌ನಲ್ಲಿ ಟರ್ನ್‌ಪೈಕ್ ಹತ್ತಿ ಪೂರ್ವಕ್ಕೆ ಹೋದರಾಯಿತು. ಬೆಳಗ್ಗೆಯೇ ಕೋಣೆ ಖಾಲಿ ಮಾಡಿ ಸಾಮಾನು ಕಾರಿನಲ್ಲಿಟ್ಟುಕೊಂಡು ಹೊರಟರೆ ಪಿಟ್ಸ್‌ಬರ್ಗ್‌ಗೆ ಮರಳುವ ಒಂದೂವರೆ ಗಂಟೆ ಉಳಿಯುತ್ತದೆ. ಹೋಗುವಾಗ ಡೋನಿಗಾಲ್‌ನಲ್ಲೇ ಪೆಟ್ರೋಲ್ ತುಂಬಿಸಿಕೊಳ್ಳಿ, ಅಲ್ಲಿಂದ ಫಾಲಿಂಗ್‌ವಾಟರ್ ಕಡೆಗೆ ಬಂಕ್‌ಗಳು ವಿರಳ.